ಗುಂಡೇಟು ಮತ್ತು ರಕ್ತನಾಳ

ಗುಂಡೇಟು ರಣರಂಗದ ಮಾತು, ಊರಿನಲ್ಲಿರುವ ನಮಗೆ ಅದರಿಂದೇನು ಎಂದು ಕೆಲವರು ಕೇಳಬಹುದು. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜವನ್ನೇರಿಸಲು ನೆರೆದಿದ್ದ ಜನರ ಮೇಲೆ ಪೋಲೀಸರು ಗುಂಡು ಹಾರಿಸಿದರು, ಹಲವರು ಮಡಿದರು. ರಣರಂಗವಲ್ಲದ ಕಡೆಯೂ ಗುಂಡು ಹಾರುತ್ತದೆ. ಆದುದರಿಂದ ಅದು ರಕ್ತನಾಳಕ್ಕೆ ಮಾಡುವ ಹಾನಿಯನ್ನು ತಿಳಿದಿರುವುದು ಲೇಸು.

ಗಾಯದ ಬಾಯಿ ಚಿಕ್ಕದಾದರೆ ಅಪಾಯವೂ ಚಿಕ್ಕದೆಂದು ಜನ ಬಗೆಯುವರು. ಇದು ಸರಿಯಲ್ಲ. ಗುಂಡಿನ ವೇಗ ಇಮ್ಮಡಿಯಾದರೆ ಅದರ ಶಕ್ತಿ ನಾಲ್ಮಡಿಯಾಗುತ್ತದೆ. ವೇಗವಾಗಿ ಹೊಕ್ಕ ಗುಂಡು ಸುತ್ತಲಿನ ಮಾಂಸವನ್ನು ಕ್ಷಣಮಾತ್ರ ಹೊರಕ್ಕೆ ತಳ್ಳಿ ಪೊಳ್ಳೊಂದನ್ನು ಉಂಟುಮಾಡುತ್ತದೆ. ಆಗ ಗುಂಡು ಮುಟ್ಟದ ಧಮನಿಯೂ ಜಗ್ಗಿ, ಅದರ ನಾಜೂಕಾದ ಒಳಪದರ ಹರಿಯಬಹುದು. ಹರಿದೆಡೆಯಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ನಿಲ್ಲುತ್ತದೆ. ಹೊರಗೆ ರಕ್ತವೇನೂ ಕಾಣದಿದ್ದರೂ ಕಾಲು ಬಿಳಿಚಿ ತಣ್ಣಗಾಗುತ್ತದೆ.

ಇನ್ನೊಂದು ವಿಚಿತ್ರವುಂಟು. ಪೂರ್ತಿಯಾಗಿ ತುಂಡಾದ ಧಮನಿಯ ತುದಿಗಳು ಹಿಂದಕ್ಕೆ ಸರಿದು ಮುದುಡಿಕೊಳ್ಳುವುದರಿಂದ ರಕ್ತಸ್ರಾವ ಕೆಲವೊಮ್ಮೆ ಕಡಮೆಯಾಗುತ್ತದೆ. ಅರೆಬರೆ ಸೀಳಿದ ಧಮನಿಗೆ ಹಾಗೆ ಮುದುಡಲು ಸಾಧ್ಯವಿಲ್ಲ. ಅದು ಸುರಿಯುತ್ತಲೇ ಇರುತ್ತದೆ. ತೊಡೆಯ ದೊಡ್ಡ ಧಮನಿ ಹೀಗೆ ಸೀಳಿದರೆ ಕೆಲವೇ ನಿಮಿಷಗಳಲ್ಲಿ ಪ್ರಾಣ ಹೋಗಬಹುದು.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಶಸ್ತ್ರವೈದ್ಯರು ಹರಿದ ಧಮನಿಯನ್ನು ಬಹುಮಟ್ಟಿಗೆ ಕಟ್ಟಿಬಿಡುತ್ತಿದ್ದರು. ಡಿಬೇಕಿ ಮತ್ತು ಸಿಮಿಯೋನ್ ಎಂಬವರು 1946ರಲ್ಲಿ 2,471 ಧಮನಿಗಾಯಗಳ ವಿವರವನ್ನು ಪ್ರಕಟಿಸಿದರು. ಧಮನಿಯನ್ನು ಕಟ್ಟಿದವರಲ್ಲಿ ನೂರಕ್ಕೆ 49ರಷ್ಟು ಮಂದಿ ಕೈಯನ್ನೋ ಕಾಲನ್ನೋ ಕಳೆದುಕೊಂಡಿದ್ದರು. ಕೊರಿಯಾ ಯುದ್ಧದಲ್ಲಿ ಧಮನಿಯನ್ನು ಹೊಲಿದು ಕೂಡಿಸತೊಡಗಿದ ಮೇಲೆ ಈ ಪ್ರಮಾಣ ಸುಮಾರು 13ಕ್ಕೆ ಇಳಿಯಿತು. ಆದರೆ ಹೊಲಿಗೆಗೂ ಕಾಲಮಿತಿಯುಂಟು. ಆರು ಗಂಟೆ ರಕ್ತ ಕಾಣದ ಸ್ನಾಯು ಬದುಕುವುದು ದುಸ್ತರ.

ನಮ್ಮ ಚಿಕ್ಕಬಾಣಾವರದಂಥ ಊರಿನಲ್ಲಿ ಈ ಕಾಲದ ಪ್ರಶ್ನೆಯೇ ಮುಖ್ಯ. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳು ದೂರವಲ್ಲ. ಆದರೆ ವಾಹನಗಳ ದಟ್ಟಣೆಯಲ್ಲಿ ಹತ್ತಿರದ ದಾರಿಯೂ ದೂರವಾಗುತ್ತದೆ. ಆದುದರಿಂದ 108ಕ್ಕೆ ಕರೆ ಮಾಡಿ, ಶುಭ್ರವಾದ ಬಟ್ಟೆಯನ್ನಿಟ್ಟು ಗಾಯವನ್ನು ಬಲವಾಗಿ ಒತ್ತಿ ಹಿಡಿಯಬೇಕು. ಕೈಕಾಲಿನ ರಕ್ತ ಅದರಿಂದಲೂ ನಿಲ್ಲದಿದ್ದರೆ ಗಾಯದ ಮೇಲ್ಭಾಗದಲ್ಲಿ ಅಗಲವಾದ ಪಟ್ಟಿಯನ್ನು ಬಿಗಿದು, ಬಿಗಿದ ವೇಳೆಯನ್ನು ಬರೆದಿಡಬೇಕು. ಗುಂಡನ್ನು ಕೆದಕಿ ತೆಗೆಯಲು ಹೋಗಬಾರದು. ಎದೆ, ಹೊಟ್ಟೆಗಳ ಒಳಗಿನ ಸ್ರಾವವನ್ನು ನಮ್ಮ ಕೈ ತಡೆಯಲಾರದು. ಅಲ್ಲಿ ಶಸ್ತ್ರವೈದ್ಯನೇ ಗತಿ.

ಪೋಲೀಸರ ವಿಚಾರಣೆಗೆ ಅಂಜಿ ತಡಮಾಡುವವರೂ ಉಂಟು. ಗಾಯಾಳುವಿನ ಪ್ರಾಣರಕ್ಷಣೆಯೇ ವೈದ್ಯನ ಮೊದಲ ಕರ್ತವ್ಯ, ಕಾನೂನಿನ ವಿಧಿಗಳು ಅನಂತರ ಎಂದು ಸುಪ್ರೀಂ ಕೋರ್ಟು 1989ರಲ್ಲಿಯೇ ತೀರ್ಪಿತ್ತಿದೆ. ವಿಚಾರಣೆ ಕಾಯಬಲ್ಲುದು, ಹರಿದ ಧಮನಿ ಕಾಯಲಾರದು.