ತೋಟದ ಕೊಟ್ಟೆ, ಬಚ್ಚಲ ಒಲೆ



ಪ್ಲಾಸ್ಟಿಕ್ ಎಂಬುದು ಒಂದೇ ವಸ್ತುವಿನ ಹೆಸರಲ್ಲ. ಅದೊಂದು ದೊಡ್ಡ ಕುಲ. ನಮ್ಮ ಅಡಿಕೆ ತೋಟಗಳಲ್ಲಿಯೇ ಅದರ ಎರಡು ಭಿನ್ನ ಕವಲುಗಳಿವೆ. ಕೊಳೆರೋಗ ತಡೆಯಲು ಗೊನೆಗೆ ಕಟ್ಟುವ ಕೊಟ್ಟೆ ಪಾಲಿಥೀನ್. ನೀರು ಹರಿಸುವ ಗಡುಸು ಪೈಪು ಪಿವಿಸಿ.

ಕಚ್ಚಾ ತೈಲದಿಂದಲೋ ನೈಸರ್ಗಿಕ ಅನಿಲದಿಂದಲೋ ದೊರೆಯುವ ಎಥಿಲೀನಿನ ಸಾವಿರಾರು ಅಣುಗಳನ್ನು ಸರಪಳಿಯಾಗಿ ಬೆಸೆದರೆ ಪಾಲಿಥೀನ್. 1933ರಲ್ಲಿ ಇಂಗ್ಲೆಂಡಿನ ಪ್ರಯೋಗಾಲಯವೊಂದರಲ್ಲಿ ಇದು ಆಕಸ್ಮಿಕವಾಗಿ ಕೈಸೇರಿತು. ಸರಪಳಿಗೆ ಕವಲುಗಳು ಹೆಚ್ಚಿದ್ದರೆ ಮೆತ್ತನೆಯ ಹಾಳೆ, ನೇರವಾಗಿದ್ದರೆ ಗಟ್ಟಿ ಡಬ್ಬಿ. ಮಣ್ಣಿನ ಸೂಕ್ಷ್ಮಜೀವಿಗಳಿಗೆ ಇದನ್ನು ಕಡಿಯುವುದು ಬಹುಮಟ್ಟಿಗೆ ಅಸಾಧ್ಯ. ಬಿಸಿಲು ಕಡಿಯುತ್ತದೆ, ನಿಜ. ಆಗ ಕೊಟ್ಟೆ ಪೆಡಸಾಗಿ ಚೂರಾಗುತ್ತದೆಯೇ ಹೊರತು ಕೊಳೆಯುವುದಿಲ್ಲ. ನೀರಿಗಿಂತ ಹಗುರವಾದ ಆ ಚೂರುಗಳು ಹಳ್ಳ ಸೇರಿ, ಅಘನಾಶಿನಿಯಂಥ ಹೊಳೆಗಳೊಡನೆ ಕಡಲಿಗಿಳಿಯುತ್ತವೆ. ಕರಡದ ಕೊಟ್ಟೆ ಕಟ್ಟುತ್ತಿದ್ದ ಹಿರಿಯರಿಗೆ ಈ ಚಿಂತೆ ಇರಲಿಲ್ಲ. ದುಡಿಮೆಯ ಚಿಂತೆ ಇತ್ತೆನ್ನಿ.

ಪಿವಿಸಿಯ ಸಂಗತಿ ಬೇರೆ. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಉಪ್ಪಿನಿಂದ ಪಡೆದ ಕ್ಲೋರಿನ್. ಬಚ್ಚಲ ಒಲೆಗೆ ಪೈಪಿನ ತುಂಡು ಹಾಕಿದರೆ ಹೊರಡುವುದು ಹೈಡ್ರೋಜನ್ ಕ್ಲೋರೈಡ್. ಜೊತೆಗೆ ಡಯಾಕ್ಸಿನ್ ಎಂಬ ಕಡುವಿಷ. 'ಒಂದು ತುಂಡು ತಾನೇ' ಎಂಬ ವಾದವನ್ನು ನಾನು ಒಪ್ಪಲಾರೆ. ಆ ಹೊಗೆಯೆದುರು ಕೂರುವವರು ಹೆಚ್ಚಾಗಿ ಮನೆಯ ಹೆಂಗಸರು. ಬೂದಿ ಸೇರುವುದು ಗೊಬ್ಬರಗುಂಡಿಯನ್ನು. ಪಾಲಿಥೀನ್ ಸುಟ್ಟರೂ ಮಸಿ, ವಿಷದ ಹೊಗೆ ತಪ್ಪದು.

ಎರಡೂ ಕಾಸಿದರೆ ಮೆತ್ತಗಾಗುವ ಜಾತಿಯವು, ಕರಗಿಸಿ ಮರುಬಳಸಬಹುದು. ಆದರೆ ಒಂದರೊಳಗೊಂದು ಬೆರೆತರೆ ಎರಡೂ ಕೆಡುತ್ತವೆ. ಆದ್ದರಿಂದ ಕೊನೆಕೊಯ್ಲಿನ ದಿನವೇ, ಪೆಡಸಾಗುವ ಮುನ್ನ, ಕೊಟ್ಟೆಗಳನ್ನು ಎಣಿಸಿ, ತೊಳೆದು ಒಣಗಿಸಿ, ಪೈಪಿನ ತುಂಡುಗಳಿಂದ ಬೇರೆಯಾಗಿ ಕಟ್ಟಿಡಿ. ಕಟ್ಟಿದ್ದೆಷ್ಟು, ಇಳಿದದ್ದೆಷ್ಟು ಎಂಬ ಲೆಕ್ಕವನ್ನು ಮುಂದಿನ ಸಭೆಗೆ ತನ್ನಿ.