ಒಂದು ಕಟ್ಟಿಗೆಗೆ ಎರಡು ಕೆಲಸ: ಹಿತ್ತಿಲ ಅಡುಗೆಮನೆಯನ್ನು ಯೋಜಿಸುವ ಬಗೆ

(ಮಲೆನಾಡಿನ ಗ್ರಾಮಸ್ಥರು ಮತ್ತು ವಿದ್ಯಾರ್ಥಿಗಳಿಗಾಗಿ ನಡೆದ ಬೇಸಿಗೆ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಕಾಡಿನ ಉಳಿವಿನ ಬಗೆಗೆ ಚರ್ಚಿಸುವ ಶಿಬಿರದಲ್ಲಿ ಅಡುಗೆಮನೆ ಕಟ್ಟುವ ವಿಷಯವೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ನಮ್ಮ ಮನೆಗಳಿಗೂ ಕಾಡಿಗೂ ಇರುವ ದಿನನಿತ್ಯದ ಸಂಬಂಧ ಒಲೆಯ ಮೂಲಕವೇ ನಡೆಯುತ್ತದೆ. ಆದ್ದರಿಂದ ಒಲೆಯನ್ನು ಬಿಟ್ಟು ಕಾಡಿನ ಮಾತನಾಡಿದರೆ ಅದು ಅರ್ಧ ಮಾತಾಗುತ್ತದೆ.

2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಹಳ್ಳಿಹಳ್ಳಿಗೂ ಅನಿಲದ ಸಿಲಿಂಡರು ತಲುಪಿದೆ. ಅದು ಸ್ವಾಗತಾರ್ಹ. ಆದರೂ ಬಚ್ಚಲ ಹಂಡೆಗೆ, ಅಡಿಕೆ ಬೇಯಿಸುವುದಕ್ಕೆ, ಮದುವೆ-ಮುಂಜಿಯ ಊಟಕ್ಕೆ ಇಂದಿಗೂ ಕಟ್ಟಿಗೆಯೇ ಬೇಕು. ಇದರ ಜೊತೆಗೆ ಈಚಿನ ವರ್ಷಗಳಲ್ಲಿ ಮತ್ತೊಂದು ಬೇಡಿಕೆ ಸೇರಿಕೊಂಡಿದೆ. ಹೋಂಸ್ಟೇಗಳ ಅಂಗಳದಲ್ಲಿ ಅತಿಥಿಗಳಿಗಾಗಿ ಬಾರ್ಬೆಕ್ಯೂ ಒಲೆಗಳು ಏಳುತ್ತಿವೆ. ಅವನ್ನು ಕಂಡು ನಮ್ಮ ಮನೆಯ ಮಕ್ಕಳೂ ಹಿತ್ತಿಲಲ್ಲಿ ಅಂಥದೊಂದನ್ನು ಕಟ್ಟೋಣ ಎನ್ನುತ್ತಾರೆ. ಇಂಥ ಒಲೆಗೆ ಬೇಕಾದ ಇದ್ದಿಲು ಚೀಲಗಳಲ್ಲಿ ಪೇಟೆಯಿಂದ ಬರುತ್ತದೆ. ಅದು ಯಾವ ಮರದ್ದು, ಯಾವ ಬೆಟ್ಟದ್ದು ಎಂದು ಯಾರೂ ಕೇಳುವುದಿಲ್ಲ.

ಕೆಂಡದಲ್ಲಿ ಸುಡುವ ಅಡುಗೆ ನಮಗೆ ಹೊಸತಲ್ಲ. ಬದನೆಕಾಯಿ ಸುಟ್ಟು ಗೊಜ್ಜು ಮಾಡಿದವರು, ಹಲಸಿನ ಬೀಜ, ಗೆಣಸು, ಹಪ್ಪಳ ಸುಟ್ಟು ತಿಂದವರು, ಹೊಳೆಯ ಮೀನನ್ನು ಕೆಂಡದ ಮೇಲೆ ಬೇಯಿಸಿದವರು ಈ ಸಭೆಯಲ್ಲಿಯೇ ಬಹಳ ಮಂದಿ ಇದ್ದಾರೆ. ಆದರೆ ನಮ್ಮ ಅಜ್ಜಿಯರು ಸುಡುವುದಕ್ಕೆಂದೇ ಬೇರೆ ಬೆಂಕಿ ಹಾಕುತ್ತಿರಲಿಲ್ಲ. ಅನ್ನ ಬೆಂದ ಮೇಲೆ ಉಳಿದ ಕೆಂಡವನ್ನು ಮುಂದಕ್ಕೆಳೆದು ಅದರಲ್ಲಿ ಸುಡುತ್ತಿದ್ದರು. ನಾನು ಇಂದು ಹೇಳಬೇಕೆಂದಿರುವುದೆಲ್ಲ ಈ ಒಂದು ಅಭ್ಯಾಸದಲ್ಲಿಯೇ ಅಡಗಿದೆ: ಉರಿ ಪಾತ್ರೆಗೆ, ಕೆಂಡ ಜಾಲರಿಗೆ.

ಲೆಕ್ಕ ಏನು ಹೇಳುತ್ತದೆ?

ವಿದ್ಯಾರ್ಥಿಗಳು ಇದನ್ನು ಬರೆದುಕೊಳ್ಳಬೇಕು. ಕಟ್ಟಿಗೆಗೆ ಬೆಂಕಿ ತಗುಲಿದಾಗ ಮೊದಲು ಅದರೊಳಗಿನ ನೀರು ಆವಿಯಾಗುತ್ತದೆ. ಬಳಿಕ ಕಟ್ಟಿಗೆಯಿಂದ ಅನಿಲಗಳು ಹೊರಬಂದು ಉರಿಯಾಗುತ್ತವೆ. ಅವು ತೀರಿದ ಮೇಲೆ ಕೆಂಡ ಉಳಿಯುತ್ತದೆ. ಕಟ್ಟಿಗೆಯ ಶಕ್ತಿಯ ದೊಡ್ಡ ಪಾಲು ಇರುವುದು ಆ ಅನಿಲಗಳಲ್ಲಿ. ಮಣ್ಣು ಮುಚ್ಚಿ ಇದ್ದಿಲು ಸುಡುವಾಗ ಈ ಪಾಲು ಹೊಗೆಯಾಗಿ ಆಕಾಶ ಸೇರುತ್ತದೆ. ಸಾಮಾನ್ಯವಾದ ಇದ್ದಿಲು ಗೂಡಿನಲ್ಲಿ ಒಂದು ಕಿಲೋ ಇದ್ದಿಲಿಗೆ ಐದಾರು ಕಿಲೋ ಕಟ್ಟಿಗೆ ಬೇಕು. ಒಣಗಿದ ಕಟ್ಟಿಗೆಯ ಒಂದು ಕಿಲೋದಲ್ಲಿ ಸುಮಾರು 15 ಮೆಗಾಜೂಲ್ ಶಕ್ತಿಯಿದ್ದರೆ, ಇದ್ದಿಲಿನ ಒಂದು ಕಿಲೋದಲ್ಲಿ ಸುಮಾರು 30 ಮೆಗಾಜೂಲ್ ಇದೆ. ಅಂದರೆ 75ರಿಂದ 90 ಮೆಗಾಜೂಲ್ ಕೊಟ್ಟು ನಾವು ಪಡೆಯುವುದು ಕೇವಲ 30. ಉಳಿದ ಸುಮಾರು ಮೂರನೆಯ ಎರಡು ಪಾಲು ಯಾರ ಅನ್ನವನ್ನೂ ಬೇಯಿಸದೆ ಹೋಗುತ್ತದೆ.

ಹಸಿ ಕಟ್ಟಿಗೆಯ ಲೆಕ್ಕವೂ ಹೀಗೆಯೇ. ಆಗತಾನೇ ಕಡಿದ ಮರದ ತೂಕದಲ್ಲಿ ಹೆಚ್ಚು ಕಡಿಮೆ ಅರ್ಧ ನೀರು. ಆ ನೀರನ್ನು ಓಡಿಸುವುದಕ್ಕೇ ಶಕ್ತಿ ವ್ಯಯವಾಗುವುದರಿಂದ ಒಂದು ಕಿಲೋದಿಂದ ದೊರೆಯುವುದು ಸುಮಾರು 8 ಮೆಗಾಜೂಲ್ ಮಾತ್ರ. ಅದೇ ಕಟ್ಟಿಗೆಯನ್ನು ಸೀಳಿ, ಗಾಳಿಯಾಡುವ ಮಾಡಿನ ಕೆಳಗೆ ಒಂದು ಬೇಸಿಗೆ ಒಣಗಿಸಿದರೆ ಹೊರೆಗಳ ಸಂಖ್ಯೆ ತಾನಾಗಿ ಇಳಿಯುತ್ತದೆ.

ಇನ್ನು ಒಲೆಯ ವಿಚಾರ. ಹತ್ತು ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಸುಮಾರು 3.1 ಮೆಗಾಜೂಲ್ ಸಾಕು. ಬಯಲಿನ ಮೂರು ಕಲ್ಲಿನ ಒಲೆಯಲ್ಲಿ ಶೇಕಡಾ 10ರಷ್ಟು ಶಾಖ ಮಾತ್ರ ಪಾತ್ರೆಗೆ ತಾಗಿದರೆ ಎರಡು ಕಿಲೋ ಒಣ ಕಟ್ಟಿಗೆ ಬೇಕಾಗುತ್ತದೆ. ಶೇಕಡಾ 30ರಷ್ಟು ತಾಗುವಂತೆ ಒಲೆ ಕಟ್ಟಿದರೆ ಮುಕ್ಕಾಲು ಕಿಲೋಗಿಂತ ಕಡಿಮೆ ಸಾಕು.

ಇದು ಬರಿಯ ಕಾಗದದ ಲೆಕ್ಕವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ, ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಕ್ಷೇತ್ರಕೇಂದ್ರವನ್ನಿಟ್ಟುಕೊಂಡು ಗ್ರಾಮೀಣ ತಂತ್ರಜ್ಞಾನದ ಕೆಲಸ ಮಾಡಿತು. ಮೂರು ಪಾತ್ರೆಗಳ, ಕೆಳಗೆ ಜಾಲರಿಯುಳ್ಳ, ಹೊಗೆಕೊಳವೆಯ ‘ಅಸ್ತ್ರ ಒಲೆ’ ಅಲ್ಲಿಂದ ಬಂದದ್ದು. ಕೇಂದ್ರ ಸರ್ಕಾರದ ಸುಧಾರಿತ ಒಲೆಗಳ ಕಾರ್ಯಕ್ರಮವೂ 1980ರ ದಶಕದಲ್ಲಿ ಆರಂಭವಾಗಿ 2002ರವರೆಗೆ ನಡೆಯಿತು. ಕೋಟಿಗಟ್ಟಲೆ ಒಲೆಗಳು ಹಂಚಿಕೆಯಾದವು. ಆದರೆ ಬಹಳಷ್ಟು ಉಳಿಯಲಿಲ್ಲ. ಕಟ್ಟುವಾಗ ಅಳತೆ ತಪ್ಪಿತು, ಕೊಳವೆ ಒಡೆದರೆ ದುರಸ್ತಿ ಮಾಡುವವರಿರಲಿಲ್ಲ, ದಿನವೂ ಒಲೆಯ ಮುಂದೆ ಕೂರುವವರ ಅಭಿಪ್ರಾಯ ಕೇಳಿದವರು ಕಡಿಮೆ.

ನನ್ನದೇ ಒಂದು ತಪ್ಪು

ಅಭಿಪ್ರಾಯ ಕೇಳದವರ ಸಾಲಿನಲ್ಲಿ ನಾನೂ ಇದ್ದೇನೆ. ಹಿತ್ತಿಲ ಅಡುಗೆಮನೆಯೊಂದನ್ನು ಮೊದಲ ಬಾರಿ ಕಟ್ಟಿಸಿದಾಗ ಚೆಂದ ಕಾಣಲೆಂದು ಹೊಳೆಯ ಉರುಟುಗಲ್ಲುಗಳನ್ನು ತಂದು ಸಿಮೆಂಟಿನಲ್ಲಿ ಕೂರಿಸಿದೆವು. ಎರಡನೆಯ ದಿನ ಬೆಂಕಿ ಜೋರಾದಾಗ ಒಂದು ಕಲ್ಲು ಸಿಡಿದು, ಅದರ ಚೂರು ಅತ್ತಿಗೆಯವರ ಕೈಯನ್ನು ಸವರಿಕೊಂಡು ಹೋಯಿತು. ಹೊಳೆಗಲ್ಲಿನ ಬಿರುಕುಗಳಲ್ಲಿ ಸೇರಿಕೊಂಡ ನೀರು ಕಾದು ಆವಿಯಾಗಿ ಕಲ್ಲನ್ನೇ ಒಡೆಯುತ್ತದೆಂಬುದು ನನಗೆ ತಿಳಿದಿರಲಿಲ್ಲ. ಅದಲ್ಲದೆ ಸಂಜೆಯ ಗಾಳಿಗೆ ಹೊಗೆಯೆಲ್ಲ ನೇರವಾಗಿ ನಡುಮನೆಗೆ ನುಗ್ಗುತ್ತಿತ್ತು. ಒಂದು ತಿಂಗಳಲ್ಲಿ ಅತ್ತಿಗೆ ಪಕ್ಕದಲ್ಲಿಯೇ ಮೂರು ಕಲ್ಲಿಟ್ಟು ಅಡುಗೆ ಆರಂಭಿಸಿದರು. "ಸಂಜೆ ಗಾಳಿ ಯಾವ ಕಡೆಯಿಂದ ಬರುತ್ತದೆಂದು ನನಗೆ ಗೊತ್ತಿತ್ತು. ಕಟ್ಟುವ ಮೊದಲು ಒಂದು ಮಾತು ಕೇಳಬಹುದಿತ್ತಲ್ಲ" ಎಂದರು. ಈಗ ಹೇಳಲಿರುವ ಕ್ರಮ ಆ ತಪ್ಪಿನಿಂದ ಕಲಿತದ್ದು.

ಮೊದಲು ಸೌದೆ, ಆಮೇಲೆ ಒಲೆ

ಯೋಜನೆಯ ಮೊದಲ ಹೆಜ್ಜೆ ಕಲ್ಲು ತರುವುದಲ್ಲ; ನಮ್ಮ ತೋಟ ವರ್ಷಕ್ಕೆ ಎಷ್ಟು ಉರುವಲು ಕೊಡುತ್ತದೆಂದು ನೋಡುವುದು. ತೆಂಗಿನ ಕರಟ, ಒಣಗಿದ ಸೋಗೆಯ ದಿಂಡು, ಕಾಫಿ ಗಿಡ ಸವರಿದ ಕಡ್ಡಿ, ಬೇಲಿಯ ಗೊಬ್ಬರದ ಗಿಡದ ರೆಂಬೆ, ಇವೆಲ್ಲ ಲೆಕ್ಕಕ್ಕೆ ಬರಬೇಕು. ಕರಟ ಒಳ್ಳೆಯ, ಬಿಸಿಯಾದ ಕೆಂಡ ಕೊಡುತ್ತದೆ. ಜಾಲರಿಯ ಒಲೆಗೆ ಅದಕ್ಕಿಂತ ಉತ್ತಮವಾದದ್ದು ಬೇಕಿಲ್ಲ. ಈ ಉರುವಲಿಗೆ ಹೊಂದುವಷ್ಟೇ ದೊಡ್ಡ ಒಲೆ ಇರಲಿ. ಒಲೆ ದೊಡ್ಡದಾದರೆ ಅದನ್ನು ತುಂಬಿಸಲು ಬೆಟ್ಟಕ್ಕೆ ಕತ್ತಿ ಹೋಗುತ್ತದೆ.

ಎರಡನೆಯದು ಜಾಗ. ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಊದುಬತ್ತಿ ಹಚ್ಚಿಟ್ಟು ಹೊಗೆ ಯಾವ ಕಡೆಗೆ ಸಾಗುತ್ತದೆಂದು ಗುರುತು ಹಾಕಿಕೊಳ್ಳಿರಿ. ಈ ಕೆಲಸವನ್ನು ಮಕ್ಕಳಿಗೆ ವಹಿಸಬಹುದು. ನಮ್ಮಲ್ಲಿ ಮುಂಗಾರು ಮಳೆ ನೈಋತ್ಯ ದಿಕ್ಕಿನಿಂದ ಬಡಿಯುವುದರಿಂದ ಆ ಬದಿಗೆ ಗಟ್ಟಿ ಗೋಡೆಯಿರಲಿ; ಉಳಿದ ಎರಡು ಬದಿಗಳಾದರೂ ಪೂರ್ತಿ ತೆರೆದಿರಲಿ. ಹುಲ್ಲಿನ ಬಣವೆ, ಸೌದೆಮನೆ, ಕೊಟ್ಟಿಗೆಗಳಿಂದ ಕನಿಷ್ಠ 30 ಅಡಿ ದೂರವಿರಬೇಕು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಒಂದು ಕಿಡಿ ಸಾಕು, ತರಗೆಲೆ ಹೊತ್ತಿ ಬೆಂಕಿ ಬೆಟ್ಟ ಏರುತ್ತದೆ. ಸುತ್ತಲೂ ಹತ್ತಡಿ ನೆಲವನ್ನು ಗುಡಿಸಿ ಬರಿದಾಗಿಟ್ಟು, ಒಂದು ಕೊಡ ನೀರನ್ನು ಸದಾ ಪಕ್ಕದಲ್ಲಿಡಬೇಕು.

ಕಟ್ಟುವ ಕ್ರಮ

ಎಂಟು ಅಡಿ ಉದ್ದ, ಎರಡೂವರೆ ಅಡಿ ಅಗಲದ ಕಟ್ಟೆ ಒಂದು ಮನೆಗೆ ಸಾಕು. ಅದರಲ್ಲಿ ಮೂರು ಭಾಗಗಳು: ಒಂದು ಕೊನೆಯಲ್ಲಿ ಪಾತ್ರೆಯ ಒಲೆ, ಅದಕ್ಕೆ ತಾಗಿ ಕೆಂಡದ ಗುಂಡಿ, ಉಳಿದದ್ದು ಹೆಚ್ಚುವ, ಇಡುವ ಜಾಗ. ಎತ್ತರವನ್ನು ಅಡುಗೆ ಮಾಡುವವರ ಮೊಣಕೈಯಿಂದ ಅಳೆಯಬೇಕು. ಮೊಣಕೈಗಿಂತ ಒಂದು ಗೇಣು ಕೆಳಗಿದ್ದರೆ ಬೆನ್ನು ನೋಯುವುದಿಲ್ಲ. ಹಂಡೆಯಂಥ ಭಾರದ ಪಾತ್ರೆಗೆ ಮಾತ್ರ ನೆಲಮಟ್ಟದ ಬೇರೆ ಒಲೆಯೇ ಸರಿ.

ಕಟ್ಟೆಯ ಹೊರಮೈಗೆ ಜಂಬಿಟ್ಟಿಗೆ ಆಗಬಹುದು. ಬೆಂಕಿ ತಾಗುವ ಒಳಮೈಗೆ ಮಾತ್ರ ಚೆನ್ನಾಗಿ ಬೆಂದ ಇಟ್ಟಿಗೆಯನ್ನು ಮಣ್ಣಿನ ಗಾರೆಯಲ್ಲಿ ಕಟ್ಟಬೇಕು. ಹೆಚ್ಚು ಶಾಖಕ್ಕೆ ಸಿಮೆಂಟು ಬಿರುಕುಬಿಟ್ಟು ಉದುರುತ್ತದೆ. ಮಣ್ಣಿಗೆ ಭತ್ತದ ಹೊಟ್ಟು ಸೇರಿಸಿದರೆ ಬಿರುಕು ಕಡಿಮೆ. ಬಿರುಕು ಬಿಟ್ಟರೂ ಮನೆಯವರೇ ಮೆತ್ತಿಕೊಳ್ಳಬಹುದು.

ಪಾತ್ರೆಯ ಒಲೆಯಲ್ಲಿ ಕಟ್ಟಿಗೆ ನೆಲದ ಮೇಲೆ ಮಲಗಬಾರದು. ಬೂದಿಯ ನೆಲದಿಂದ ನಾಲ್ಕು ಅಂಗುಲ ಮೇಲೆ ಕಬ್ಬಿಣದ ಜಾಲರಿಯಿದ್ದರೆ ಗಾಳಿ ಕೆಳಗಿನಿಂದ ಬಂದು ಉರಿ ಸ್ವಚ್ಛವಾಗುತ್ತದೆ. ಜಾಲರಿಯಿಂದ ಪಾತ್ರೆಯ ತಳಕ್ಕೆ ಏಳೆಂಟು ಅಂಗುಲ ಇರಲಿ. ಪಾತ್ರೆಯ ಸುತ್ತ ಗೋಡೆಗೆ ಅರ್ಧ ಅಂಗುಲದ ಸಂದು ಉಳಿದರೆ ಬಿಸಿಗಾಳಿ ಪಾತ್ರೆಯ ಮೈಗೆ ಉಜ್ಜಿಕೊಂಡು ಹೊಗೆಕೊಳವೆಗೆ ಸಾಗುತ್ತದೆ. ಕೊಳವೆಯ ತುದಿ ಮಾಡಿನ ನೆತ್ತಿಗಿಂತ ಎರಡಡಿ ಮೇಲಿರಲಿ. ಕಲ್ನಾರಿನ ಕೊಳವೆ ಖಂಡಿತ ಬೇಡ.

ಒಲೆಗೂ ಕೆಂಡದ ಗುಂಡಿಗೂ ನಡುವಿನ ಗೋಡೆಯಲ್ಲಿ ಒಂದು ಗೇಣಿನ ಕಿಂಡಿಯಿಟ್ಟು ತಗಡಿನ ಮುಚ್ಚಳ ಮಾಡಿಸಬೇಕು. ಅಡುಗೆ ನಡೆಯುವಾಗ ಅದು ಮುಚ್ಚಿರುತ್ತದೆ. ಅನ್ನ, ಸಾರು ಇಳಿಸಿದ ಮೇಲೆ ಕಿಂಡಿ ತೆರೆದು ಕೆಂಡವನ್ನು ಗುಂಡಿಗೆ ಎಳೆದುಕೊಳ್ಳುವುದು. ಸಾಲದಿದ್ದರೆ ಮೇಲೆ ನಾಲ್ಕು ಕರಟ ಹಾಕುವುದು. ಈ ಒಂದು ಕಿಂಡಿಯಿಂದ ಇದ್ದಿಲಿನ ಚೀಲ ಮನೆಗೆ ಬರುವುದು ನಿಲ್ಲುತ್ತದೆ.

ಗುಂಡಿ ಎರಡಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದಡಿ ಆಳವಿರಲಿ. ತಳದ ಬದಿಯಲ್ಲಿ ಗಾಳಿಗೆ ಎರಡು ತೂತು. ಒಳಗೋಡೆಯಲ್ಲಿ ಮೂರು ಮಟ್ಟಕ್ಕೆ ಇಟ್ಟಿಗೆಯನ್ನು ಸ್ವಲ್ಪ ಹೊರಚಾಚಿ ಕಟ್ಟಿದರೆ ಜಾಲರಿಯನ್ನು ಮೇಲೆ ಕೆಳಗೆ ಇಡಬಹುದು. ಜಾಲರಿಯನ್ನು ಗಾರೆಯಲ್ಲಿ ಹುದುಗಿಸಬಾರದು. ಎರಡಡಿಯ ಕಂಬಿ 500 ಡಿಗ್ರಿಯಷ್ಟು ಕಾದರೆ ಮೂರೂವರೆ ಮಿಲಿಮೀಟರಿಗೂ ಹೆಚ್ಚು ಉದ್ದವಾಗುತ್ತದೆ. ಹುದುಗಿಸಿದರೆ ಗೋಡೆಯೇ ಸೀಳುತ್ತದೆ. ಸಡಿಲವಾಗಿದ್ದರೆ ತೆಗೆದು ತೊಳೆಯುವುದೂ ಸುಲಭ. ಬೇಲಿಗೆ ಹಾಕುವ ಸತುವಿನ ಲೇಪದ ಬಲೆಯನ್ನು ಬಳಸಲೇಬಾರದು. ಕಾದಾಗ ಆ ಲೇಪ ಆಹಾರಕ್ಕೂ ಉಸಿರಿಗೂ ಸೇರಬಲ್ಲದು. ಸಾದಾ ಕಬ್ಬಿಣ ಅಥವಾ ಸ್ಟೀಲಿನ ಕಂಬಿ ಸಾಕು.

ಕಟ್ಟಿದ ಮೇಲೆ ಎರಡು ಮೂರು ವಾರ ಒಣಗಲು ಬಿಡಬೇಕು. ಮೊದಲ ಕೆಲವು ದಿನ ಸಣ್ಣ ಬೆಂಕಿ ಮಾತ್ರ.

ಬಳಸುವಾಗ ನೆನಪಿಡಬೇಕಾದದ್ದು

ಹೊಗೆಯ ಮಾತನ್ನು ಲಘುವಾಗಿ ತೆಗೆದುಕೊಳ್ಳಬಾರದು. ಮನೆಯೊಲೆಗಳ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ತೀರಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಒಲೆ ಹೊರಗಿದ್ದ ಮಾತ್ರಕ್ಕೆ ಹೊಗೆ ವಿಷವಲ್ಲವೆಂದಾಗುವುದಿಲ್ಲ. ಊದುಕೊಳವೆ ಹಿಡಿದವರ ಮೂಗು ಒಲೆಯ ಬಾಯಲ್ಲಿಯೇ ಇರುತ್ತದೆ. ಉರಿಯ ಮೇಲೆ ಸುಡದೆ, ಬೂದಿ ಮುಸುಕಿದ ಕೆಂಡದ ಮೇಲೆ ಸುಡುವುದು ಒಳ್ಳೆಯದು. ಮೀನು, ಮಾಂಸದ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಹೊಗೆಯೆದ್ದರೆ ಅದರಲ್ಲಿ ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳಿರುತ್ತವೆ. ಕರಿದಾದ ಭಾಗವನ್ನು ಕೆರೆದು ತೆಗೆಯಬೇಕು.

ಕಣಗಿಲೆಯ ಕಡ್ಡಿಯನ್ನು ಉರಿಸುವುದಕ್ಕಾಗಲೀ ಚುಚ್ಚಿ ಸುಡುವುದಕ್ಕಾಗಲೀ ಬಳಸಬಾರದು. ಮೈಸುಡುವ ಸೊನೆಯ ಮರ, ಬಣ್ಣ ಬಳಿದ ಹಲಗೆ, ಪ್ಲೈವುಡ್, ಪ್ಲಾಸ್ಟಿಕ್ ಒಲೆಗೆ ಸಲ್ಲದು. ಚಳಿಯೆಂದು ಉಳಿದ ಕೆಂಡವನ್ನು ಅಗ್ಗಿಷ್ಟಿಕೆಯಲ್ಲಿ ತುಂಬಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಇಟ್ಟು ಮಲಗಿದರೆ, ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ರೆಯಲ್ಲಿಯೇ ಪ್ರಾಣ ತೆಗೆಯುತ್ತದೆ. ಕೆಂಡವನ್ನು ನೀರು ಹಾಕಿ ಆರಿಸಿ, ಉಳಿದ ಇದ್ದಿಲನ್ನು ಒಣಗಿಸಿ ಮುಂದಿನ ಬಾರಿಗೆ ಇಟ್ಟುಕೊಳ್ಳಬಹುದು. ಶುದ್ಧ ಕಟ್ಟಿಗೆಯ ಬೂದಿಯಲ್ಲಿ ಪೊಟ್ಯಾಶ್ ಇದೆ. ನಮ್ಮ ಹುಳಿಮಣ್ಣಿಗೆ ಅದನ್ನು ಹಿತಮಿತವಾಗಿ ಹಾಕಬಹುದು. ಪಾತ್ರೆ ತೊಳೆದ ನೀರು ಬಾಳೆಯ ಬುಡಕ್ಕೆ ಹರಿಯುವಂತೆ ಕಟ್ಟೆಯ ಇಳಿಜಾರನ್ನು ಮೊದಲೇ ಇಟ್ಟುಕೊಳ್ಳಬೇಕು.

ಮಿತ್ರರೇ, ನಮ್ಮ ಮನೆಯಲ್ಲಿ ಎರಡನೆಯ ಒಲೆ ಕಟ್ಟುವಾಗ ಜಾಗವನ್ನು ಗುರುತಿಸಿದವರು ಅತ್ತಿಗೆ. ಎತ್ತರವನ್ನು ಹೇಳಿದವರೂ ಅವರೇ. ಆ ಒಲೆ ಇಂದಿಗೂ ಉರಿಯುತ್ತಿದೆ. ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೆ. ಊರಿಗೆ ಹೋದ ಮೇಲೆ ಒಂದು ವಾರ ನಿಮ್ಮ ಮನೆಯ ಒಲೆಗೆ ಹೋಗುವ ಕಟ್ಟಿಗೆಯನ್ನು ದಿನವೂ ತೂಗಿ ಬರೆದಿಡಿರಿ. ಒಲೆಯ ಮುಂದೆ ಕೂರುವವರಲ್ಲಿ ಏನು ಬದಲಾಗಬೇಕೆಂದು ಕೇಳಿರಿ. ಅವರು ಹೇಳಿದಂತೆ ಕಟ್ಟಿ, ಮತ್ತೊಂದು ವಾರ ತೂಗಿರಿ. ಉಳಿದ ಕಟ್ಟಿಗೆ ಎಷ್ಟೆಂಬುದನ್ನು ಮುಂದಿನ ಶಿಬಿರಕ್ಕೆ ತನ್ನಿರಿ. ಅಷ್ಟು ಕಟ್ಟಿಗೆ ಬೆಟ್ಟದಲ್ಲಿಯೇ ನಿಂತಿದೆಯೆಂದು ನಾವೆಲ್ಲ ಸೇರಿ ಸಂತೋಷಪಡೋಣ.