ಕಲ್ಲಿನ ಕೆಸರೂ ಮನೆಯ ಹಣತೆಯೂ

(ಶಾಲೆಯ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ರತ್ನದ ಸಾಣೆಯಲ್ಲಿ ಉಳಿದ ಪುಡಿಯಿಂದ ಮಣ್ಣಿನ ಸಾಮಾನು ಮಾಡುವರೆಂದು ಓದಿದೆವು. ನಮ್ಮ ದಾಮರಗಿದ್ದದಲ್ಲಿ ರತ್ನಗಳೆಲ್ಲಿ? ಆದರೆ ಉತ್ತರಕ್ಕೆ ತಾಂಡೂರಿನಲ್ಲಿ ನೆಲಹಾಸುಗಲ್ಲಿಗೆ ಮೆರುಗು ಕೊಡುವಾಗ ರಾಶಿಗಟ್ಟಲೆ ಕೆಸರು ಉಳಿಯುತ್ತದೆ. ಅದನ್ನೇ ತಂದು, 10 ಪಾಲು ಕೆರೆಮಣ್ಣಿಗೆ 1 ಪಾಲು ಬೆರೆಸಿ, ಹಣತೆಗಳನ್ನು ಮಾಡಿ ಕುಂಬಾರರ ಆವಿಗೆಯಲ್ಲಿ ಸುಟ್ಟೆವು.

ಹಣತೆಗಳು ಚೆನ್ನಾಗಿಯೇ ಬೆಂದವು. ಆದರೆ ನಾಲ್ಕು ದಿನಗಳಲ್ಲಿ ಚಕ್ಕೆ ಚಕ್ಕೆಯಾಗಿ ಸಿಡಿದವು! ತಾಂಡೂರಿನದು ಸುಣ್ಣದ ಕಲ್ಲು. ಸುಮಾರು 900 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಅದು ಇಂಗಾಲಾಮ್ಲ ಅನಿಲವನ್ನು ಬಿಟ್ಟು ಸುಟ್ಟ ಸುಣ್ಣವಾಗುತ್ತದೆ. ಸುಟ್ಟ ಸುಣ್ಣ ನೀರು ಸೋಕಿದೊಡನೆ ಅರಳುವುದನ್ನು ನೀವು ಮನೆಯಲ್ಲಿ ಕಂಡಿದ್ದೀರಿ. ಹಣತೆಯೊಳಗಿನ ದಪ್ಪ ಹರಳುಗಳೂ ಗಾಳಿಯ ತೇವವನ್ನು ಹೀರಿ ಹಾಗೆಯೇ ಅರಳಿ, ಮಣ್ಣನ್ನು ಒಡೆದವು.

ಮರಳಿ ಯತ್ನಿಸಿದೆವು. ಕೆಸರನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ನುಣುಪಾದುದನ್ನು ಮಾತ್ರ ಬೆರೆಸಿದೆವು. ಆ ಹಣತೆಗಳೇ ಈಗ ನಿಮ್ಮೆದುರು ಉರಿಯುತ್ತಿವೆ.

ಒಂದು ಎಚ್ಚರಿಕೆ. ಒಣಗಿದ ಪುಡಿಯನ್ನು ಎಂದಿಗೂ ಕೊಡಹಬೇಡಿರಿ, ಒದ್ದೆಯಾಗಿಯೇ ಬಳಸಿರಿ. ಗುಜರಾತಿನ ಖಂಭಾತದಲ್ಲಿ ಅಕೀಕು ಕಲ್ಲನ್ನು ಸಾಣೆ ಹಿಡಿಯುವ ಎಷ್ಟೋ ಮಂದಿ ಕಲ್ಲಿನ ಧೂಳಿನಿಂದಲೇ ಶ್ವಾಸಕೋಶದ ರೋಗಕ್ಕೆ ತುತ್ತಾಗಿದ್ದಾರೆ.

ಮಕ್ಕಳೆ, ಒಡೆದ ಹಣತೆಯನ್ನು ಬಿಸಾಡುವ ಮೊದಲು ಅದು ಏಕೆ ಒಡೆಯಿತೆಂದು ಕೇಳಿರಿ. ತಾಯಿತಂದೆಗಳೆ, ಮಕ್ಕಳು ಕೇಳಿದರೆ ಗದರಿಸಬೇಡಿರಿ.